ಅಪ್ಪ ಕೇಳಿದ ಕಟ್‌ಆಫ್: ಮಗಳ ಕಾಲೇಜು ಶೀಟ್ ಎಲ್ಲಿಗೆ ಬಂತು

ಜೂನ್ 14

ದಾವಣಗೆರೆಯಿಂದ ಅಪ್ಪ ಫೋನ್ ಮಾಡಿದ್ದರು. ಮೊಮ್ಮಗಳು ಯಾವ ಕಾಲೇಜಿಗೆ ಹಾಕ್ತಾಳೆ ಅಂತ ಕೇಳಿದರು. ನಾಲ್ಕು ಹೆಸರು ಹೇಳಿದೆ. "ಅಲ್ಲಿ ಕಟ್‌ಆಫ್ ಎಷ್ಟಪ್ಪಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಸಿಇಟಿ ಬರೆದು ಸೀಟು ತಗೊಂಡವನು. ಹೋದ ವರ್ಷ ಯಾವ ರ‍್ಯಾಂಕಿಗೆ ಸೀಟು ಮುಗಿಯಿತು ಎಂದು ನೋಡಿದರೆ ಅರ್ಧ ಚಿಂತೆ ಕಳೆಯುತ್ತಿತ್ತು. ಇಲ್ಲಿ ಹಾಗಿಲ್ಲ. ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮಗಳ ಪಟ್ಟಿಯಲ್ಲಿ ನಮ್ಮದೇ ರಾಜ್ಯದ ಕಾಲೇಜು ರಟ್ಗರ್ಸ್ ಒಂದೇ. ಉಳಿದ ಜಾರ್ಜಿಯಾ ಟೆಕ್, ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್, ವರ್ಜೀನಿಯಾ, ಮಿಷಿಗನ್, ಟೆಕ್ಸಾಸಿನ ಆಸ್ಟಿನ್, ವಾಷಿಂಗ್ಟನ್, ಕ್ಯಾಲಿಫೋರ್ನಿಯಾದ ಬರ್ಕ್ಲಿ ಎಲ್ಲವೂ ಸರ್ಕಾರಿ ವಿಶ್ವವಿದ್ಯಾಲಯಗಳೇ, ಆದರೆ ಎಲ್ಲದಕ್ಕೂ ನಾವು ಹೊರರಾಜ್ಯದವರು. ಸರಿ, ಎಲ್ಲಿ ಸೀಟು ಸಿಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಲು ಒಂದು ಸ್ಪ್ರೆಡ್‌ಶೀಟ್ ಮಾಡೋಣ ಎಂದು ಕೂತೆ.

ಜೂನ್ 28

ಎರಡು ವಾರಾಂತ್ಯ ಬರೀ ಅಂಕಿ ತುಂಬುವುದರಲ್ಲೇ ಹೋಯಿತು. ಮುಖ್ಯ ಆಧಾರ ಕಾಮನ್ ಡೇಟಾ ಸೆಟ್. ಹೆಚ್ಚಿನ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ತಮ್ಮ ಅಂಕಿಅಂಶಗಳನ್ನು ಒಂದೇ ನಮೂನೆಯಲ್ಲಿ ಹೀಗೆ ಹೊರಗೆ ಹಾಕುತ್ತವೆ. ನನಗೆ ಬೇಕಾದದ್ದು 'ಸಿ' ಭಾಗ. ಸಿ1ರಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸಿಕ್ಕಿತು, ಎಷ್ಟು ಜನ ಸೇರಿದರು ಎಂದು ಇರುತ್ತದೆ. ಈಚಿನ ವರ್ಷಗಳ ನಮೂನೆಯಲ್ಲಿ ಇದನ್ನೇ ಒಳರಾಜ್ಯ, ಹೊರರಾಜ್ಯ, ವಿದೇಶ ಎಂದು ಬಿಡಿಸಿ ಕೇಳುತ್ತಾರೆ. ಸಿ7ರಲ್ಲಿ ರಾಜ್ಯದ ವಾಸ ಎಷ್ಟು ಮುಖ್ಯ ಎಂಬ ಸಾಲು ಇದೆ. ಸಿ9ರಲ್ಲಿ ಸೇರಿದವರ ಎಸ್ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಗಳು.

ಮೊದಲ ನೋಟಕ್ಕೇ ಒಂದು ವಿಷಯ ಗೊತ್ತಾಯಿತು. ಪತ್ರಿಕೆಗಳಲ್ಲಿ ಬರುವ ಒಟ್ಟಾರೆ ಪ್ರವೇಶ ದರ (ನೂರು ಅರ್ಜಿಗೆ ಎಷ್ಟು ಸೀಟು) ನಮಗೆ ಸುಮ್ನೆ. ಜಾರ್ಜಿಯಾ ಟೆಕ್‌ನಲ್ಲಿ ಈಚೆಗೆ ಆ ರಾಜ್ಯದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಸೀಟು ಸಿಗುತ್ತಿದೆ. ಹೊರಗಿನವರಿಗೆ ಸುಮಾರು ಹತ್ತರಲ್ಲಿ ಒಬ್ಬರಿಗೆ. ಒಂದೇ ಕಾಲೇಜು, ಎರಡು ಸಾಲು. ಅರ್ಜಿಯ ಕೊನೆ ದಿನವೂ ಬೇರೆ: ಬೇಗ ಹಾಕುವವರಲ್ಲಿ ಜಾರ್ಜಿಯಾದವರಿಗೆ ಅಕ್ಟೋಬರ್ ಮಧ್ಯ, ನಮ್ಮಂಥವರಿಗೆ ನವೆಂಬರ್ ಮೊದಲ ವಾರ.

ಜುಲೈ 6

ಈ ದರ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಿದೆ. ಚಾಪೆಲ್ ಹಿಲ್ ಒಳ್ಳೆ ಉದಾಹರಣೆ. ಹೊಸದಾಗಿ ಸೇರುವವರಲ್ಲಿ ಹೊರರಾಜ್ಯದವರು ನೂರಕ್ಕೆ 18 ಮೀರಬಾರದು ಎಂದು ನಾರ್ತ್ ಕ್ಯಾರೊಲಿನಾದ ಆಡಳಿತ ಮಂಡಳಿ 1986ರಲ್ಲಿ ಮಿತಿ ಹಾಕಿತು. ನಾನು ತಗೊಂಡಿರುವ ವರ್ಷಗಳಿಗೆಲ್ಲ ಅದೇ ಮಿತಿ. ಮೀರಿದರೆ ದಂಡ ಇದೆ.

ಲೆಕ್ಕ ಹೀಗೆ. 4,700 ಮಕ್ಕಳ ತರಗತಿ ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ 18 ಅಂದರೆ 846 ಸೀಟು. ಸೀಟು ಸಿಕ್ಕ ಹೊರಗಿನವರೆಲ್ಲ ಬರುವುದಿಲ್ಲ. ಹತ್ತರಲ್ಲಿ ಮೂವರು ಬರುತ್ತಾರೆ ಅಂತ ಇಟ್ಟುಕೊಂಡರೆ 2,820 ಜನರಿಗೆ ಪತ್ರ ಕಳಿಸಬೇಕು. ಹೊರಗಿನಿಂದ 40,000 ಅರ್ಜಿ ಬಂದರೆ ನೂರಕ್ಕೆ 7. ಸೇರುವವರ ಪ್ರಮಾಣ, ಅರ್ಜಿಗಳ ಸಂಖ್ಯೆ ಎರಡೂ ನನ್ನ ಅಂದಾಜು. ಆದರೂ ಉತ್ತರ ನಿಜವಾದ ದರದ ಹತ್ತಿರಕ್ಕೇ ಬಂತು. ಈ ಏಳರಲ್ಲಿ ನನ್ನ ಮಗಳು ಎಲ್ಲೂ ಇಲ್ಲ ನೋಡಿ. ಸೀಟು, ಅರ್ಜಿ, ಬರುವವರ ಪ್ರಮಾಣ, ಅಷ್ಟೇ.

ಆಸ್ಟಿನ್‌ನಲ್ಲಿ ಇನ್ನೂ ಬಿಗಿ. ಮೊದಲ ವರ್ಷದ ನೂರರಲ್ಲಿ 90 ಸೀಟು ಟೆಕ್ಸಾಸಿನವರಿಗೆ. ಅದರಲ್ಲೂ ಮುಕ್ಕಾಲು ಪಾಲು ತಮ್ಮ ಹೈಸ್ಕೂಲಿನ ಮೇಲಿನ ಸಾಲಿನಲ್ಲಿ ಇರುವವರಿಗೆ ತಾನಾಗಿ ಹೋಗುತ್ತದೆ. ಆ ಮೇಲಿನ ಸಾಲು 6 ಪ್ರತಿಶತ ಇತ್ತು, 2026ರಿಂದ 5. ಉಳಿದ ಹತ್ತನ್ನು ಬೇರೆ ಎಲ್ಲ ರಾಜ್ಯಗಳೂ ವಿದೇಶದವರೂ ಸೇರಿ ಹಂಚಿಕೊಳ್ಳಬೇಕು.

ಇದನ್ನು ಅಪ್ಪನಿಗೆ ಹೇಳಿದರೆ, "ನಮ್ಮಲ್ಲೂ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಅಂತ ಇಲ್ವಾ, ಅದೇ ಕಥೆ" ಅಂದರು. ನಿಜ. ವ್ಯತ್ಯಾಸ ಅಂದರೆ ಅಲ್ಲಿ ಹೊರನಾಡ ಕನ್ನಡಿಗರಿಗೂ ಒಂದು ಕಿಂಡಿ ಬಿಟ್ಟಿದ್ದಾರೆ. ಹೊರನಾಡ ಟೆಕ್ಸಾಸಿಗರು ಅಂತ ನಾವು ಹೇಳಿಕೊಳ್ಳೋಕಾಗಲ್ಲ.

ಜುಲೈ 20

ಇವತ್ತು ಶೀಟ್ ನಗಿಸಿತು. ದರದ ಮೇಲೆ ಮಗಳ ವಿವರ ಸೇರಿಸಲು ಹೋಗಿದ್ದೆ. ವರ್ಜೀನಿಯಾಕ್ಕೆ ಹೊರರಾಜ್ಯದ ದರ ನೂರಕ್ಕೆ 12 ಎಂದು ಇಟ್ಟೆ. ಎಸ್ಎಟಿ ಚೆನ್ನಾಗಿದೆ, ಎರಡರಿಂದ ಗುಣಿಸು. ಜಿಪಿಎ, ಅಂದರೆ ಶಾಲೆಯ ಗ್ರೇಡ್‌ಗಳ ಸರಾಸರಿ, ಚೆನ್ನಾಗಿದೆ, ಇನ್ನೊಂದು ಎರಡು. ಕಷ್ಟದ ಕೋರ್ಸ್ ತಗೊಂಡಿದ್ದಾಳೆ, ಒಂದೂವರೆ. ರೋಬೋಟಿಕ್ಸ್ ಇದೆ, ಇನ್ನೊಂದು ಒಂದೂವರೆ. ಉತ್ತರ 108.

ನೂರಕ್ಕೆ ನೂರೆಂಟು ಸಾಧ್ಯತೆ! ಅಷ್ಟೋತ್ತರಕ್ಕೆ ಸರಿಯಾದ ಸಂಖ್ಯೆ, ಅಡ್ಮಿಷನ್‌ಗೆ ಅಲ್ಲ.

ಪ್ರತಿಶತವನ್ನು ನೇರವಾಗಿ ಗುಣಿಸಿದ್ದೇ ತಪ್ಪು. ಸಿಗುವ ಪಾಲನ್ನು ಸಿಗದ ಪಾಲಿನಿಂದ ಭಾಗಿಸಿ, ಆ ಅನುಪಾತವನ್ನು ಗುಣಿಸಬೇಕು. 12ನ್ನು 88ರಿಂದ ಭಾಗಿಸಿದರೆ 0.136. ಎಲ್ಲ ಗುಣಕಗಳೂ ಸೇರಿ ಆಗುವ ಒಂಬತ್ತರಿಂದ ಗುಣಿಸಿ ಮತ್ತೆ ಪ್ರತಿಶತಕ್ಕೆ ತಂದರೆ 55. ನೂರರ ಒಳಗೆ ಬಂತು, ಆದರೆ ನಂಬೋ ಹಾಗಿಲ್ಲ. ಒಳ್ಳೆ ಅಂಕ, ಒಳ್ಳೆ ಜಿಪಿಎ, ಕಷ್ಟದ ಕೋರ್ಸ್ ಮೂರೂ ಒಂದೇ ಮಗುವಿನಲ್ಲಿ ಜೊತೆಯಾಗಿ ಬರುತ್ತವೆ. ಒಂದೇ ಗುಣಕ್ಕೆ ಮೂರು ಸಲ ಬಹುಮಾನ ಕೊಟ್ಟಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಿ9ರಲ್ಲಿರುವುದು ಒಳರಾಜ್ಯದವರೂ ಸೇರಿ ಎಲ್ಲರ ಅಂಕ. ಹೊರಗಿನಿಂದ ಆಯ್ಕೆಯಾಗುವವರು ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತಾರೆ. ಇವಳ ಅಂಕ ಇಡೀ ತರಗತಿಯಲ್ಲಿ ಮೇಲಿನ ಕಾಲುಭಾಗ ಇರಬಹುದು, ಹೊರರಾಜ್ಯದ ಗುಂಪಿನಲ್ಲಿ ನಡುವೆ ಇರಬಹುದು. ಎಲ್ಲ ಗುಣಕಗಳನ್ನೂ ಅಳಿಸಿ ಒಂದೇ ಒಂದು ಉಳಿಸಿದೆ. ಎರಡು ಎಂದು ಕೊಟ್ಟರೆ 12 ಹೋಗಿ 21 ಆಗುತ್ತದೆ. ಒಂದೂವರೆ ಎಂದರೆ 17. ಈಗ ಶೀಟ್ ಒಂದು ಸಂಖ್ಯೆ ಹೇಳುವುದಿಲ್ಲ, 12ರಿಂದ 21 ಎನ್ನುತ್ತದೆ.

ಆಗಸ್ಟ್ 10

ಕ್ಯಾಲಿಫೋರ್ನಿಯಾಕ್ಕೆ ಬೇರೆ ಟ್ಯಾಬ್ ಮಾಡಬೇಕಾಯಿತು. ಅಲ್ಲಿ ಎಸ್ಎಟಿ ನೋಡುವುದೇ ಇಲ್ಲ, ಆ ಕಾಲಂ ದಂಡ. ಜಿಪಿಎಯನ್ನು ಅವರದೇ ರೀತಿಯಲ್ಲಿ ಮತ್ತೆ ಲೆಕ್ಕ ಹಾಕುತ್ತಾರೆ. ಹತ್ತು, ಹನ್ನೊಂದನೇ ತರಗತಿಗಳ ಗ್ರೇಡ್ ಮುಖ್ಯ. ಕಷ್ಟದ ಕೋರ್ಸಿಗೆ ಸಿಗುವ ಹೆಚ್ಚುವರಿ ಪಾಯಿಂಟ್ ಎಂಟು ಸೆಮಿಸ್ಟರ್‌ಗಷ್ಟೇ. ಹೊರರಾಜ್ಯದವರಾದರೆ ಎಪಿ, ಐಬಿ ಎಂಬ ಕಾಲೇಜು ಮಟ್ಟದ ಕೋರ್ಸುಗಳಿಗೆ ಮಾತ್ರ ಆ ಪಾಯಿಂಟ್, ಶಾಲೆಯದೇ ಆನರ್ಸ್ ಕೋರ್ಸುಗಳಿಗೆ ಇಲ್ಲ. ಮಗಳು ಪಕ್ಕದಲ್ಲಿ ಕೂತು ರಿಪೋರ್ಟ್ ಕಾರ್ಡ್ ಓದುತ್ತಾ ಹೋದಳು, ನಾನು ಟೈಪ್ ಮಾಡಿದೆ. ಶಾಲೆ ಕೊಟ್ಟ 4.6 ಇದ್ದದ್ದು 4.18ಕ್ಕೆ ಇಳಿಯಿತು. "ಅಪ್ಪಾ, ಆನರ್ಸ್ ಕೆಮಿಸ್ಟ್ರಿಗೆ ನಾನು ಎಷ್ಟು ಒದ್ದಾಡಿದೆ ಗೊತ್ತಾ?" ಅಂದಳು. ಗೊತ್ತು. ಬರ್ಕ್ಲಿಗೆ ಗೊತ್ತಾಗಬೇಕಲ್ಲ.

ಆಗಸ್ಟ್ 24

ನಿಜವಾದ ಫಲಿತಾಂಶಗಳ ಜೊತೆ ತಾಳೆ ನೋಡೋಣ ಅಂತ ಪರಿಚಯದ ಮನೆಗಳವರನ್ನು ಕೇಳಿದೆ. ಹೆಸರು ಬೇಡ, ಅಂಕ ಮತ್ತು ಫಲಿತಾಂಶ ಸಾಕು ಅಂದೆ. ಸೀಟು ಸಿಕ್ಕ ಮನೆಗಳಿಂದ ಅದೇ ಸಂಜೆ ಉತ್ತರ ಬಂತು, ಜೊತೆಗೆ ಹುಡುಗ ಕಾಲೇಜಿನ ಟೀಶರ್ಟ್ ಹಾಕಿಕೊಂಡ ಫೋಟೊ. ಉಳಿದವರು ಮೆಸೇಜ್ ನೋಡಿ ಸುಮ್ಮನಾದರು. ಅವರ ತಪ್ಪಲ್ಲ. ಬಂದದ್ದನ್ನಷ್ಟೇ ಹಾಕಿ ನೋಡಿದರೆ ನಮ್ಮ ಕನ್ನಡದ ಮಕ್ಕಳಿಗೆ ಎಲ್ಲ ಕಡೆಯೂ ಸೀಟು ಖಂಡಿತ ಎಂದು ಶೀಟ್ ಹೇಳಿತು. ಆ ಟ್ಯಾಬ್ ಡಿಲೀಟ್ ಮಾಡಿದೆ.

ಸೆಪ್ಟೆಂಬರ್ 7

ಮಗಳಿಗೆ ಬೇಕಾದದ್ದು ಕಂಪ್ಯೂಟರ್ ಸೈನ್ಸ್. ಇದನ್ನು ಮೊದಲೇ ಬರೆಯಬೇಕಿತ್ತು. ಸಿ1ರಲ್ಲಿ ವಿಷಯವಾರು ಲೆಕ್ಕವೇ ಇಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಟ್ಟು ದರ ನೋಡಿ ಅದನ್ನು ಸುಲಭದ ಗುಂಪಿಗೆ ಹಾಕಿದ್ದೆ, ಹಸಿರು ಬಣ್ಣ ಬೇರೆ. ಅಲ್ಲಿನ ಕಂಪ್ಯೂಟರ್ ಸೈನ್ಸ್‌ಗೆ ನೇರ ಪ್ರವೇಶ ಹೊರರಾಜ್ಯದವರಿಗೆ ನೂರಕ್ಕೆ ಐದಕ್ಕಿಂತ ಕಡಿಮೆ. ಸೇರಿದ ಮೇಲೆ ಬೇರೆ ವಿಷಯದಿಂದ ಅದಕ್ಕೆ ಬದಲಾಯಿಸಿಕೊಳ್ಳುವುದೂ ಕಷ್ಟ. ಹಸಿರು ತೆಗೆದು ಕೆಂಪು ಮಾಡಿದೆ. ಮೂರು ತಿಂಗಳಲ್ಲಿ ಈ ಶೀಟ್ ಮಾಡಿದ ಅತಿ ಉಪಯೋಗದ ಕೆಲಸ ಇದೇ ಇರಬೇಕು.

ಸೆಪ್ಟೆಂಬರ್ 21

ಹೆಂಡತಿಗೆ ತೋರಿಸಿದೆ. ಒಂದೊಂದು ಕಾಲೇಜಿಗೆ 10 ಪ್ರತಿಶತ ಅಂದರೂ ಆರು ಕಡೆ ಹಾಕಿದರೆ ಎಲ್ಲಾದರೂ ಒಂದು ಕಡೆ ಸಿಗುವ ಸಾಧ್ಯತೆ ನೂರಕ್ಕೆ 47. 0.9ನ್ನು ಆರು ಸಲ ಗುಣಿಸಿ ಒಂದರಿಂದ ಕಳೆದರೆ ಬರುತ್ತದೆ. ಹೆಮ್ಮೆಯಿಂದಲೇ ತೋರಿಸಿದ್ದೆ.

ಅವಳು ಈರುಳ್ಳಿ ಹೆಚ್ಚುತ್ತಾ, "ಆರು ಕಡೆಗೂ ಹೋಗೋದು ಅದೇ ಪ್ರಬಂಧ, ಅದೇ ಮಾರ್ಕ್ಸ್, ಅದೇ ಟೀಚರ್ ಬರೆದ ಪತ್ರ ಅಲ್ವಾ? ಒಬ್ಬರಿಗೆ ಹಿಡಿಸದೇ ಇದ್ರೆ ಇನ್ನೊಬ್ಬರಿಗೂ ಹಿಡಿಸದೇ ಇರಬಹುದು" ಅಂದಳು. ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು ಲೆಕ್ಕವೇ ಇಲ್ಲದೆ ಹೇಳಿಬಿಟ್ಟಳು. ಆರು ಫಲಿತಾಂಶಗಳಿಗೂ ಒಂದು ಅರ್ಧದಷ್ಟು ನಂಟು ಇದೆ ಎಂದು ಇಟ್ಟು ಮತ್ತೆ ಓಡಿಸಿದೆ. 47 ಇದ್ದದ್ದು 32ಕ್ಕೆ ಬಂತು. ಆ ಅರ್ಧ ನನ್ನ ಊಹೆ. ಆದರೆ ಸೊನ್ನೆ ಅನ್ನುವುದಕ್ಕಿಂತ ವಾಸಿ.

ಅಕ್ಟೋಬರ್ 12

ಹಣದ ಕಾಲಂ ಸೇರಿಸಿದೆ. ಇಷ್ಟು ದಿನ ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನವರು ಮಾಮೂಲಿ ಫೀಸಿನ ಮೇಲೆ ಕೊಡಬೇಕಾದ ಹೆಚ್ಚುವರಿ ಮೊತ್ತವೇ 2025ರಲ್ಲಿ ಹೊಸದಾಗಿ ಸೇರಿದವರಿಗೆ 37,602 ಡಾಲರ್ ಇತ್ತು. ಊಟ, ರೂಮು ಬೇರೆ. ಸಾಧ್ಯತೆ ಎಷ್ಟು ಎಂದು ನಾಲ್ಕು ತಿಂಗಳು ಜಗಳವಾಡಿದ ಬರ್ಕ್ಲಿಯನ್ನು ಈ ಒಂದು ಕಾಲಂ ಹತ್ತು ನಿಮಿಷದಲ್ಲಿ ಹೊಡೆದು ಹಾಕಿತು. ಆಸ್ಟಿನ್ ಕೂಡ ಹೋಯಿತು. ಮೊದಲೇ ಸೇರಿಸಿದ್ದರೆ ಆಗಸ್ಟಿನ ಆ ಭಾನುವಾರ ಉಳಿಯುತ್ತಿತ್ತು.

ನವೆಂಬರ್ 2

ಕೊನೆಗೆ ಐದು ಅರ್ಜಿ: ರಟ್ಗರ್ಸ್, ಜಾರ್ಜಿಯಾ ಟೆಕ್, ಚಾಪೆಲ್ ಹಿಲ್, ವರ್ಜೀನಿಯಾ, ಮಿಷಿಗನ್. ವಾಷಿಂಗ್ಟನ್ನನ್ನು ಅವಳೇ ತೆಗೆದಳು. ನಿನ್ನೆ ರಾತ್ರಿ ಜಾರ್ಜಿಯಾ ಟೆಕ್‌ನದು ಕಳಿಸಿದ್ದಾಯಿತು. ಪ್ರಬಂಧ ಓದೋಕೆ ನನಗೆ ಕೊಡಲಿಲ್ಲ.

ಅಪ್ಪ ಮತ್ತೆ ಕಟ್‌ಆಫ್ ಕೇಳಿದರು. ಈ ಸಲ ಅಂಕಿ ಇತ್ತು. "ಜಾರ್ಜಿಯಾಕ್ಕೆ ಹತ್ತು ಇಂಥ ಮಕ್ಕಳು ಹಾಕಿದರೆ ಒಬ್ಬರಿಗೋ ಇಬ್ಬರಿಗೋ ಸಿಗುತ್ತೆ, ಯಾರಿಗೆ ಅಂತ ನನ್ನ ಶೀಟಿಗೆ ಗೊತ್ತಿಲ್ಲ" ಅಂದೆ. "ರಟ್ಗರ್ಸ್ ಮನೆಯಿಂದ ಎಷ್ಟು ದೂರ?" ಅಂದರು. ಅರ್ಧ ಗಂಟೆ ಎಂದೆ. ಅವರಿಗೆ ಅದು ಬಹಳ ಇಷ್ಟವಾದ ಹಾಗಿತ್ತು.

ಶೀಟಿನಲ್ಲಿ ಫಲಿತಾಂಶಕ್ಕೆ ಒಂದು ಕಾಲಂ ಬಿಟ್ಟಿದ್ದೇನೆ. ಐದೇ ಸಾಲು ಇಟ್ಟುಕೊಂಡು ನನ್ನ ಅಂದಾಜು ಸರಿಯೋ ತಪ್ಪೋ ಹೇಳೋಕಾಗಲ್ಲ. ಆದರೂ ಮಾರ್ಚ್ ಮುಗಿದ ಮೇಲೆ ತುಂಬುತ್ತೇನೆ.