ಕೂವೆ ಇಳಿಸದೆ ಲೆಮ್ಮರ್‌ವರೆಗೆ: ನಮ್ಮ ದೋಣಿಯ ದಿನಚರಿ, ಮೂರನೇ ಕಂತು

ನೆದರ್ಲೆಂಡ್ಸಿನ ಲೆಮ್ಮರ್ ಊರು ತಲುಪಿದೆವು. ಗೌಡಾ ಎಂಬ ಊರಿನಿಂದ ಇಲ್ಲಿಗೆ ಒಂಬತ್ತು ದಿನ ಹಿಡಿಯಿತು. ಕೂವೆಯನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ಒಮ್ಮೆಯೂ ಇಳಿಸಲಿಲ್ಲ. ಇದನ್ನು ಬರೆಯುತ್ತಿರುವಾಗ ದೋಣಿ ಬಂದರಿನ ಕಂಬಗಳಿಗೆ ಕಟ್ಟಿಕೊಂಡು ನಿಂತಿದೆ, ಮಗ ಒಳಗೆ ಮಲಗಿದ್ದಾನೆ, ಇವರು ಎಂಜಿನ್ನಿನ ಮುಚ್ಚಳ ತೆಗೆದು ನೀರಿನ ಫಿಲ್ಟರಿನಿಂದ ಜೊಂಡು ಕಿತ್ತು ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದಾರೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಹೋದ ವರ್ಷ ಝೀಲ್ಯಾಂಡ್ ಪ್ರಾಂತದಲ್ಲಿ 8.6 ಮೀಟರ್ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡೆವು. ಅದನ್ನು ದೇಶದ ಇನ್ನೊಂದು ತುದಿಗೆ, ಫ್ರೀಸ್‌ಲ್ಯಾಂಡಿನ ಸರೋವರಗಳಿಗೆ ಒಯ್ಯಬೇಕು. ಹೊರಗಿನ ಸಮುದ್ರದ ದಾರಿ ಬೇಗ ಮುಗಿಯುತ್ತದೆ ನಿಜ. ಆದರೆ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಉತ್ತರ ಸಮುದ್ರಕ್ಕೆ ಇಳಿಯುವಷ್ಟು ಅನುಭವ ನಮಗಿನ್ನೂ ಆಗಿಲ್ಲ. ಒಳನಾಡಿನ ಕಾಲುವೆ ಹಿಡಿದರೆ ಸೇತುವೆಗಳು ಅಡ್ಡ ಬರುತ್ತವೆ. ನಮ್ಮ ಕೂವೆ ಬಿಚ್ಚಿ ಮಲಗಿಸಲು ಕ್ರೇನ್ ಬೇಕು. ತಲುಪಿದ ಮೇಲೆ ನಿಲ್ಲಿಸಲು ಮತ್ತೊಂದು ಕ್ರೇನ್. ಈ ತಾಪತ್ರಯ ಇಲ್ಲದೆ ಹೋಗಲೆಂದೇ ಡಚ್ಚರು ನೈಋತ್ಯದ ವ್ಲಿಸಿಂಗೆನ್‌ನಿಂದ ಈಶಾನ್ಯದ ಡೆಲ್ಫ್‌ಜೈಲ್‌ವರೆಗೆ ಒಂದು ಜಲಮಾರ್ಗವನ್ನು ಕಾಪಾಡಿಕೊಂಡು ಬಂದಿದ್ದಾರೆ. ಆ ದಾರಿಯ ತಗ್ಗು ಸೇತುವೆಗಳೆಲ್ಲ ತೆರೆದುಕೊಳ್ಳುತ್ತವೆ. ಕೆಲವು ಕಡೆ ಹೆದ್ದಾರಿಯೇ ನೀರಿನಡಿ ನುಸುಳಿ ಆಚೆ ಏಳುತ್ತದೆ. ಹೆಸರು ಸ್ಟಾಂಡೆ ಮಾಸ್ಟ್‌ರೌಟೆ, ಅಂದರೆ ನಿಂತ ಕೂವೆಯ ದಾರಿ. 15 ಮೀಟರಿಗಿಂತ ಚಿಕ್ಕದಾದ, ಗಂಟೆಗೆ 20 ಕಿಲೋಮೀಟರ್ ಮೀರದ ದೋಣಿಗೆ ಇಲ್ಲಿ ಲೈಸೆನ್ಸ್ ಬೇಕಿಲ್ಲ. ವಿಎಚ್‌ಎಫ್ ರೇಡಿಯೋ ಇಟ್ಟುಕೊಂಡರೆ ಅದಕ್ಕೆ ಮಾತ್ರ ಪರೀಕ್ಷೆ ಪಾಸಾಗಬೇಕು. ಚಳಿಗಾಲದಲ್ಲಿ ಅದನ್ನು ನಾನು ಮುಗಿಸಿಕೊಂಡೆ.

ಹೊರಡುವ ಮೊದಲು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ದೋಣಿಯ ಕಾಗದದಲ್ಲಿ ಕೂವೆಯ ಎತ್ತರ ಬರೆದಿತ್ತು, ನಾವು ಅದನ್ನು ನಂಬಲಿಲ್ಲ. ಹಾಯಿ ಏರಿಸುವ ಹಗ್ಗಕ್ಕೆ ಅಳತೆ ಟೇಪು ಕಟ್ಟಿ ತುದಿಯವರೆಗೆ ಎಳೆದೆವು. ಡೆಕ್ಕಿನಿಂದ ನೀರಿಗಿರುವ ದೂರ ಸೇರಿಸಿದೆವು, ತುದಿಯ ದೀಪ, ಗಾಳಿಯ ದಿಕ್ಕು ತೋರಿಸುವ ಗಾಳಿಮುಳ್ಳು, ಆಂಟೆನಾ ಕೂಡಿಸಿದೆವು. ಕಾಗದದಲ್ಲಿ 12.4 ಇದ್ದದ್ದು ನಿಜಕ್ಕೂ 13.3 ಮೀಟರ್. ಕಾಗದದ ಲೆಕ್ಕದಲ್ಲಿ ಕೂವೆಯ ಮೇಲಿನ ಸಾಮಾನು ಸೇರಿರಲಿಲ್ಲ. ವಿದ್ಯುತ್ ತಂತಿ ಹಾಯುವ ಕಡೆ ಈ ಮುಕ್ಕಾಲು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಸಣ್ಣದಲ್ಲ. ಈಗ ಚುಕ್ಕಾಣಿಯ ಎದುರಿಗೆ ದಪ್ಪ ಅಕ್ಷರದಲ್ಲಿ 13.3 ಎಂದು ಬರೆದು ಅಂಟಿಸಿದ್ದೇವೆ.

ಗೌಡಾದಲ್ಲಿ ಮೊದಲ ದಿನವೇ ಪಾಠವಾಯಿತು. ಜೂಲಿಯಾನಾ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟುಕೋಣೆ) ದಾಟಿ ಗೌವೆ ಕಾಲುವೆಗೆ ಬಂದರೆ ರೈಲು ಸೇತುವೆ ಸಿಗುತ್ತದೆ. ರಾಟರ್‌ಡ್ಯಾಮ್, ಹೇಗ್ ಕಡೆಯಿಂದ ಉಟ್ರೆಕ್ಟ್‌ಗೆ ಹೋಗುವ ರೈಲುಗಳೆಲ್ಲ ಅದರ ಮೇಲೆಯೇ ಓಡುವುದರಿಂದ ದಿನಕ್ಕೆ ಕೆಲವೇ ಸಲ, ಗೊತ್ತುಪಡಿಸಿದ ಹೊತ್ತಿಗೆ ಮಾತ್ರ ಏಳುತ್ತದೆ. ಲಾಕಿನಲ್ಲಿ ಹಗ್ಗ ಬಿಚ್ಚುವಾಗ ನಮ್ಮ ಗಂಟು ಬಿಗಿದುಕೊಂಡಿತು. ಸೇತುವೆ ಕಣ್ಣಿಗೆ ಬಿದ್ದಾಗ ಅದು ಆಗಲೇ ಕೆಳಗಿಳಿಯುತ್ತಿತ್ತು. ಆರೇ ನಿಮಿಷ ತಡ. ಅದಕ್ಕೆ ಇಡೀ ಮಧ್ಯಾಹ್ನ ತೆತ್ತೆವು.

ಆ ಮಧ್ಯಾಹ್ನ ಹಾಳಾಗಲಿಲ್ಲ. ಈ ದಾರಿಯಲ್ಲಿ ನಿಜವಾಗಿ ಕಲಿಯಬೇಕಾದದ್ದು ದೋಣಿಯನ್ನು ನಡೆಸುವುದಲ್ಲ, ನಿಂತಲ್ಲೇ ನಿಲ್ಲಿಸಿಟ್ಟುಕೊಳ್ಳುವುದು. ಕಾಯುವ ಕಟ್ಟೆ ಎಲ್ಲ ಕಡೆ ಇರುವುದಿಲ್ಲ, ಇದ್ದರೂ ಖಾಲಿ ಇರುವುದಿಲ್ಲ. ಕೂವೆ ನಿಂತಿರುವ ದೋಣಿಯ ಮೂತಿಯನ್ನು ಗಾಳಿ ಸುಮ್ಮನೆ ಬಿಡುವುದಿಲ್ಲ. ವೇಗ ಕಳೆದುಕೊಂಡ ಕೂಡಲೇ ಅದು ಅಡ್ಡ ತಿರುಗಿ ದಡದ ಕಡೆ ಜಾರತೊಡಗುತ್ತದೆ. ಮೊದಮೊದಲು ನಾವು ಮೂತಿಯನ್ನೇ ಗಾಳಿಗೆ ಕೊಟ್ಟು ಹಿಡಿಯಲು ಹೆಣಗಿ, ಎಂಜಿನ್ ಮುಂದಕ್ಕೆ ಹಿಂದಕ್ಕೆ ಹಾಕಿ ಸುಸ್ತಾಗುತ್ತಿದ್ದೆವು. ಪಕ್ಕದ ದೋಣಿಯ ಅಜ್ಜಿಯೊಬ್ಬರು ನೋಡಿ ನೋಡಿ ಕೊನೆಗೆ ಕೈಯಲ್ಲೇ ತೋರಿಸಿದರು: ತಿರುಗಿಸು, ಹಿಂಬದಿಯನ್ನು ಗಾಳಿಗೆ ಕೊಡು, ರಿವರ್ಸ್ ಗೇರಿನಲ್ಲಿ ನಿಧಾನಕ್ಕೆ ಹಿಡಿ. ಮೂತಿ ತನ್ನಷ್ಟಕ್ಕೆ ಗಾಳಿಯ ದಿಕ್ಕಿಗೆ ತೂಗಿ ನಿಲ್ಲುತ್ತದೆ! ಅಂದು ಮೂರು ತಾಸು ಅದನ್ನೇ ಅಭ್ಯಾಸ ಮಾಡಿದೆವು. ನಾನು ಚುಕ್ಕಾಣಿ ಹಿಡಿದೆ, ಇವರು ದಡದ ಒಂದು ಮರಕ್ಕೆ ಕಣ್ಣು ನೆಟ್ಟು "ಒಂದಡಿ ಮುಂದೆ ಹೋಯ್ತು, ಇನ್ನೊಂಚೂರು ಹಿಂದೆ ತಗೋ" ಎನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಆ ಮರ ಐದು ನಿಮಿಷ ಅಲ್ಲಾಡದೆ ನಿಂತಿತು.

ಮಗ ಒಂದು ನೋಟ್‌ಬುಕ್ ಮಾಡಿಕೊಂಡಿದ್ದಾನೆ. ಒಂದೊಂದು ಸೇತುವೆಗೆ ಒಂದೊಂದು ಸಾಲು: ಹೆಸರು, ಹೇಗೆ ತೆರೆಯಿತು, ಎಷ್ಟು ನಿಮಿಷ ಕಾದೆವು. ದೀಪ ನೋಡುವ ಕೆಲಸವೂ ಅವನದೇ. ಬರೀ ಕೆಂಪು ಇದ್ದರೆ ದಾಟುವಂತಿಲ್ಲ, ಕೆಂಪು ಹಸಿರು ಎರಡೂ ಉರಿದರೆ ಸೇತುವೆ ಏಳಲು ತಯಾರಾಗುತ್ತಿದೆ, ಬರೀ ಹಸಿರಾದರೆ ಹೊರಡು. ಒಂದರ ಮೇಲೊಂದು ಎರಡು ಕೆಂಪು ಉರಿದರೆ ಸೇತುವೆ ಕೆಲಸ ಮಾಡುತ್ತಿಲ್ಲ, ಕಾದು ಉಪಯೋಗವಿಲ್ಲ. "ಅಮ್ಮಾ, ಹಸಿರೂ ಬಂತು!" ಎಂದು ಅವನು ಮೂತಿಯಿಂದ ಕೂಗಿದರೆ ನನ್ನ ಕೈ ತಾನಾಗಿ ಗೇರಿಗೆ ಹೋಗುತ್ತದೆ.

ಗೌಡಾದಿಂದ ಉತ್ತರಕ್ಕೆ ಎ12 ಹೆದ್ದಾರಿ ಕಾಲುವೆಯ ಕೆಳಗೆ ಹಾಯುತ್ತದೆ. ದೋಣಿಯಲ್ಲಿ ನಿಂತು ಕೆಳಗೆ ಓಡುವ ಲಾರಿಗಳ ನೆತ್ತಿ ನೋಡಿದೆವು. ಮುಂದೆ ವಾಡಿಂಕ್ಸ್‌ವೀನ್, ಬೋಸ್ಕೋಪ್, ಆಲ್ಫೆನ್ ಬಳಿಯ ಗೌಸ್ಲೌಸ್, ಮೂರು ಕಡೆ ಮೇಲೇರುವ ಸೇತುವೆಗಳು, 1930ರ ದಶಕದವು. ಎರಡು ಉಕ್ಕಿನ ಗೋಪುರ, ನಡುವೆ ರಸ್ತೆ ಅಡ್ಡಡ್ಡಲಾಗಿ ಲಿಫ್ಟಿನಂತೆ ಏರುತ್ತದೆ. ಬೋಸ್ಕೋಪಿನಲ್ಲಿ ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಸೇತುವೆ ಮೇಲೇರಿ ನಿಂತಾಗ ಅದರ ಹೊಟ್ಟೆಯಡಿ ಉಳಿದಿದ್ದ ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು. ಒಂದು ತಣ್ಣನೆಯ ಹನಿ ನನ್ನ ಕತ್ತಿನ ಹಿಂದೆ ಬಿತ್ತು. ತಲೆಯೆತ್ತಿದರೆ ರಿವೆಟ್ಟುಗಳ ಸುತ್ತ ತುಕ್ಕಿನ ಉಂಗುರ, ಅದರಾಚೆ ನಮ್ಮ ಗಾಳಿಮುಳ್ಳು, ಇನ್ನೂ ಆಚೆ ಆಕಾಶ. ಎರಡೂ ಬದಿಯಲ್ಲಿ ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತ ಶಾಲೆಯ ಮಕ್ಕಳು ಕೈಬೀಸಿದರು.

ಈ ಸುದ್ದಿ ಹೇಳಿದಾಗ ಹೊನ್ನಾವರದಲ್ಲಿರುವ ಅಪ್ಪ ಫೋನಿನಲ್ಲಿ, "ದೋಣಿ ಬಂತೂಂತ ರೈಲು ನಿಲ್ಸ್ತಾರಾ ಮಗಾ? ಪಾಂಬನ್‌ನಲ್ಲಿ ಮಾಡ್ತಾರಲ್ಲ, ಹಾಗೇ?" ಎಂದರು. ಹಾಗೇ ಅಪ್ಪ. ಆದರೆ ಅಲ್ಲಿ ಒಂದು ಸೇತುವೆ, ಇಲ್ಲಿ ದಾರಿಯುದ್ದಕ್ಕೂ.

ಬ್ರಾಸೆಮ್ ಸರೋವರ ದಾಟಿ ರಿಂಗ್‌ಫಾರ್ಟ್ ಕಾಲುವೆ ಹಿಡಿದೆವು. ನನಗೆ ಈ ಪ್ರಯಾಣದಲ್ಲಿ ತೀರಾ ಮನಸ್ಸಿಗೆ ಹತ್ತಿದ ಭಾಗ ಇದು. ಹಾರ್ಲೆಮ್ಮರ್‌ಮೇರ್ ಎಂಬ ದೊಡ್ಡ ಸರೋವರದ ಸುತ್ತ 1840ರಲ್ಲಿ ಈ ಕಾಲುವೆ ಅಗೆಯಲು ಶುರುಮಾಡಿ, ಆಮೇಲೆ ಮೂರು ಉಗಿ ಪಂಪುಮನೆಗಳಿಂದ ಸರೋವರದ ನೀರನ್ನೆಲ್ಲ ಇದಕ್ಕೆ ಎತ್ತಿ ಹಾಕಿದರು. 1852ರ ಹೊತ್ತಿಗೆ ತಳ ಒಣಗಿತು. ಆ ತಳದ ಮೇಲೆಯೇ ಇವತ್ತು ಹೊಲ, ಊರು, ಸ್ಕಿಪೋಲ್ ವಿಮಾನ ನಿಲ್ದಾಣ ಎಲ್ಲ ಇರುವುದು. ಹಾಗಾಗಿ ಒಂದು ಬದಿಗೆ ನೆಲ ನಮ್ಮ ನೀರಿಗಿಂತ ನಾಲ್ಕು ಮೀಟರಿನಷ್ಟು ಕೆಳಗೆ. ದೋಣಿಯಲ್ಲಿ ಕೂತು ಚಹಾ ಕುಡಿಯುತ್ತಾ ಜನರ ಮನೆಯ ಮಾಡು ನೋಡಬಹುದು. ಒಂದು ಮನೆಯ ಎರಡನೇ ಮಹಡಿಯ ಕಿಟಕಿಯಲ್ಲಿ ಬೆಕ್ಕೊಂದು ನಮಗೆ ಸರಿಸಮನಾಗಿ ಕೂತಿತ್ತು. ಅದೇ ಸ್ಕಿಪೋಲಿನಲ್ಲಿ ಎಷ್ಟು ಸಲ ವಿಮಾನ ಇಳಿದಿದ್ದೇವೆ! ಸರೋವರದ ತಳಕ್ಕೆ ಇಳಿಯುತ್ತಿದ್ದೇವೆಂದು ಮನಸ್ಸಿಗೆ ತಟ್ಟಿದ್ದು ಈಗಲೇ.

ಇಲ್ಲಿಯೇ ಪೆಟ್ಟೂ ತಿಂದೆವು. ಎದುರಿನಿಂದ ಮರಳು ತುಂಬಿದ ಬಾರ್ಜ್ ಬಂತು. ಅದಕ್ಕೆ ಜಾಗ ಬಿಡಲು ಬಲದಂಚಿಗೆ ಸರಿದೆ. ನನ್ನ ಕಣ್ಣೆಲ್ಲ ಬಾರ್ಜಿನ ಮೇಲೆ, ಆಳ ತೋರಿಸುವ ಮೀಟರಿನ ಮೇಲೆ. ಮೇಲೆ ನೋಡಲಿಲ್ಲ. ದಡದ ಮರದ ಕೊಂಬೆಯೊಂದು ಕಾಲುವೆಯ ಮೇಲೆ ಚಾಚಿಕೊಂಡಿತ್ತು. ಮೊದಲು ಪರಪರ ಸದ್ದು, ಆಮೇಲೆ ಡೆಕ್ಕಿನ ತುಂಬ ಎಲೆ, ಕಡ್ಡಿ, ಕೊನೆಗೆ ಟಪ್ಪೆಂದು ಗಾಳಿಮುಳ್ಳಿನ ಅರ್ಧ ಭಾಗ. ಆಂಟೆನಾ ಬಾಗಿತು. ಕೂವೆಯನ್ನು ಬಿಗಿದು ನಿಲ್ಲಿಸಿರುವ ತಂತಿಹಗ್ಗಗಳಿಗೆ ಏನೂ ಆಗಿಲ್ಲ, ಒಂದೊಂದನ್ನೂ ಕೈಯಾಡಿಸಿ ನೋಡಿದ್ದೇವೆ. ಕೂವೆ ನಿಲ್ಲಿಸಿಕೊಂಡು ಹೊರಡುವವರು ಸೇತುವೆಗಿಂತ ಮರಕ್ಕೆ ಹೆಚ್ಚು ಹೆದರಿ. ಸೇತುವೆಗೆ ದೀಪ ಇರುತ್ತದೆ, ಮರಕ್ಕೆ ಇರುವುದಿಲ್ಲ. ಇನ್ನೊಂದು: ಒಂದೇ ರೆಕ್ಕೆಯ ಸೇತುವೆ ಎದ್ದು ನಿಂತರೂ ಎಷ್ಟೋ ಸಲ ಪೂರ್ತಿ ನೆಟ್ಟಗಾಗುವುದಿಲ್ಲ, ನೀರಿನ ಕಡೆ ವಾಲಿರುತ್ತದೆ. ಕೀಲು ಇರುವ ಬದಿಯಿಂದ ದೂರ ಸರಿದು ದಾಟಬೇಕು.

ಆಮ್ಸ್ಟರ್‌ಡ್ಯಾಮ್ ರಾತ್ರಿಯ ಕೆಲಸ. ನಗರದ ದಕ್ಷಿಣಕ್ಕೆ ನ್ಯೂವೆ ಮೇರ್ ಸರೋವರದ ಬಾಯಲ್ಲಿ ಎ10 ವರ್ತುಲ ರಸ್ತೆ, ರೈಲು, ಮೆಟ್ರೋ ಎಲ್ಲ ಒಟ್ಟಿಗೆ ನೀರು ದಾಟುತ್ತವೆ. ಹಗಲು ಅವನ್ನೆಲ್ಲ ನಿಲ್ಲಿಸಲು ಸಾಧ್ಯವಿಲ್ಲ. ಆದ್ದರಿಂದ ಎತ್ತರದ ಕೂವೆಯವರು ಸಂಜೆ ಬಂದು ಸೇರಿ, ನಡುರಾತ್ರಿಯ ಮೇಲೆ ಗುಂಪಾಗಿ ಹೊರಡಬೇಕು. ಹನ್ನೊಂದು ದೋಣಿ ಸೇರಿದ್ದೆವು. ನಮ್ಮ ಮನೆ ಇರುವುದು ಪಕ್ಕದ ಆಮ್ಸ್ಟೆಲ್‌ವೀನ್‌ನಲ್ಲಿ. ಸೈಕಲ್ಲಿನಲ್ಲಿ ಹೋಗಿ ಮಲಗಿ ಬರಬಹುದಿತ್ತು. ಮಗ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಚಿತ್ರಾನ್ನ ತಿಂದು, ಸ್ವೆಟರಿನ ಮೇಲೆ ಮಳೆಕೋಟು ಹಾಕಿಕೊಂಡು ಕೂತೆವು.

ಒಂದು ಗಂಟೆಯ ಹೊತ್ತಿಗೆ ರೇಡಿಯೋದಲ್ಲಿ ದೋಣಿಗಳ ಹೆಸರು ಒಂದೊಂದಾಗಿ ಕರೆದರು. ಆಮೇಲೆ ಇಡೀ ಸಂಜೆ ಕಿವಿಯಲ್ಲಿ ಮೊರೆಯುತ್ತಿದ್ದ ಹೆದ್ದಾರಿಯ ಸದ್ದು ತಟ್ಟನೆ ನಿಂತಿತು. ಆ ಮೌನದಲ್ಲಿ ಸೇತುವೆಯ ಮೋಟಾರಿನ ಗುಂಯ್‌ಗುಡುವಿಕೆ, ರಸ್ತೆಯ ಬಿಳಿ ಪಟ್ಟೆಗಳು ಮೆಲ್ಲಗೆ ಆಕಾಶಕ್ಕೆ ಏಳುವುದು, ಮೇಲೆ ನಿಂತ ಕಾರುಗಳ ದೀಪ. ನಾವು ಏಳನೆಯವರು. ಮುಂದಿನವರ ಹಿಂದೀಪ ಬಿಟ್ಟುಕೊಡದೆ, ಅವರಿಗೆ ತಗುಲದೆ ಹೋಗಬೇಕು. ಹಿಂದೆ ಬಿದ್ದರೆ ಎಲ್ಲರೂ ಕಾಯಬೇಕಾಗುತ್ತದೆ. ಕೋಸ್ಟ್‌ವರ್ಲೋರೆನ್‌ಫಾರ್ಟ್ ಕಾಲುವೆಯುದ್ದಕ್ಕೂ ಒಂದು ಸೇತುವೆ ಹಿಂದೆ ಮುಚ್ಚುವಷ್ಟರಲ್ಲಿ ಮುಂದಿನದು ಏಳುತ್ತಿತ್ತು. ಗೌಡಾದಲ್ಲಿ ಮರಕ್ಕೆ ಕಣ್ಣಿಟ್ಟು ಕಲಿತದ್ದು ಇಲ್ಲಿ ಕೈಹಿಡಿಯಿತು. ಕಿಂಕರ್ ಸೇತುವೆಯ ಮುಂದೆ ಎಲ್ಲರೂ ನಿಲ್ಲಬೇಕಾಯಿತು. ಎರಡೂ ಬದಿ ವಾಸದ ದೋಣಿಗಳು, ಅವುಗಳ ಹೂಕುಂಡ ನಮ್ಮ ಕೈಗೆಟಕುವಷ್ಟು ಹತ್ತಿರ. ಹಿಂಬದಿಯನ್ನು ಗಾಳಿಗೆ ಕೊಟ್ಟು ಹಿಡಿದೆ. ನಿಂತಿತು. ಇವರು ಏನೂ ಹೇಳದೆ, ದೋಣಿಗೆ ಪೆಟ್ಟಾಗದಂತೆ ಅಡ್ಡ ಕೊಡುವ ಫೆಂಡರ್ ಹಿಡಿದಿದ್ದ ಕೈ ಕೆಳಗಿಳಿಸಿದರು.

ಮುಂದೆ ಒಂದು ತಿರುವಿನಾಚೆ ಕತ್ತಲಲ್ಲಿ ಗಾಳಿಗಿರಣಿಯ ರೆಕ್ಕೆಗಳು ಕಂಡವು. ಅದು ಡೆ ಒಟ್ಟರ್, 1631ರ ಮರಕೊಯ್ಯುವ ಗಿರಣಿ. ಮಗ ಅಷ್ಟರಲ್ಲಿ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೇ ನಿದ್ದೆ ಹೋಗಿದ್ದ. ಉಳಿದ ಸಾಲುಗಳನ್ನು ಟಾರ್ಚಿನ ಬೆಳಕಿನಲ್ಲಿ ನಾನೇ ಬರೆದೆ. ನಗರ ದಾಟಿ 'ಐ' ಎಂಬ ಹೆಸರಿನ ಅಗಲವಾದ ನೀರಿಗೆ ಬಂದಾಗ ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಒರಾನ್ಯೆ ಲಾಕ್, ಸ್ಕೆಲ್ಲಿಂಗ್‌ವೌಡ್ ಸೇತುವೆ, ಆಚೆಗೆ ಮಾರ್ಕರ್‌ಮೇರ್ ಸರೋವರ. ಆರು ದಿನದ ಮೇಲೆ ಹಾಯಿ ಏರಿಸಿದೆವು. ಆಳ ಕಡಿಮೆಯಾದ್ದರಿಂದ ಅಲೆ ಗಿಡ್ಡವಾಗಿ, ಚೂಪಾಗಿ ಏಳುತ್ತದೆ. ಇವರಿಗೆ ವಾಂತಿಯಾಯಿತು. ಎಂಕ್‌ಹೌಜನ್‌ನಲ್ಲಿ ರಸ್ತೆಯ ನೆತ್ತಿಯ ಮೇಲೆ ಕಟ್ಟಿರುವ, 2003ರಲ್ಲಿ ತೆರೆದ ಲಾಕ್ ದಾಟಿ, ಎರಡು ದಿನ ಗಾಳಿಗೆ ಕಾದು, ಐಸೆಲ್‌ಮೇರ್ ಸರೋವರ ಹೊಕ್ಕೆವು. ದೂರದಿಂದ ಮೊದಲು ಕಂಡದ್ದು ಲೆಮ್ಮರಿನ ವೌಡಾ ಪಂಪುಮನೆಯ ಹೊಗೆಗೊಳವೆ. 1920ರಿಂದ ಇರುವ ಈ ಉಗಿ ಪಂಪುಮನೆ ಈಗಲೂ ಕೆಲಸ ಮಾಡುತ್ತದೆ. ಆ ಗೊಳವೆಗೆ ಮೂತಿ ಹಿಡಿದುಕೊಂಡೇ ಒಳಗೆ ಬಂದೆವು.

ಮಗನ ಲೆಕ್ಕದಲ್ಲಿ ಈ ಕಂತಿನ ಒಟ್ಟು ಕಾಯುವಿಕೆ, ಆಮ್ಸ್ಟರ್‌ಡ್ಯಾಮಿನ ರಾತ್ರಿ ಬಿಟ್ಟು, 14 ಗಂಟೆ 35 ನಿಮಿಷ. ಅದರಲ್ಲಿ ಗೌಡಾದ ರೈಲು ಸೇತುವೆಯ ಸಾಲಿಗೆ ಅವನು ಕೆಂಪು ಶಾಯಿ ಬಳಸಿದ್ದಾನೆ.

ಮುಂದಿನ ಕಂತು ಸೆಪ್ಟೆಂಬರಿನಲ್ಲಿ: ಸ್ನೇಕ್, ಲೇವಾರ್ಡನ್, ಡೊಕ್ಕುಮ್, ಅಲ್ಲಿಂದ ಲಾವರ್ಸ್‌ಮೇರ್. ಅದಕ್ಕೆ ಮೊದಲು ಹೊಸ ಆಂಟೆನಾ, ಹೊಸ ಗಾಳಿಮುಳ್ಳು ಹಾಕಬೇಕು. ಎರಡನ್ನೂ ಆರ್ಡರ್ ಮಾಡಿದ್ದೇವೆ. ಕೂವೆ ಹತ್ತುವುದು ನಾನು, ಹಗ್ಗ ಹಿಡಿಯುವುದು ಇವರು. ಹತ್ತಿದಾಗ ಟೇಪನ್ನೂ ಒಯ್ದು ಇನ್ನೊಮ್ಮೆ ಅಳೆಯುತ್ತೇನೆ. ಹೊಸ ಆಂಟೆನಾ ಹಳೆಯದಕ್ಕಿಂತ ಉದ್ದವಿದ್ದರೆ ಚುಕ್ಕಾಣಿಯ ಎದುರಿನ ಆ ಅಂಕಿ ಬದಲಾಗಬೇಕು.