ಪಿಯಾನೋ ಹತ್ತಿದ ಮೆಟ್ಟಿಲು, ಕಾರಾಪುರದ ಹುಡುಗ

ಲಾಸ್ ಏಂಜಲೀಸಿನ ಹಾಲಿವುಡ್ ಬುಲೆವಾರ್ಡ್ ಬೀದಿ ನೋಡಿ ಮನಸ್ಸು ತುಂಬಿತು ಎಂದವರನ್ನು ನಾನಂತೂ ಕಂಡಿಲ್ಲ. ಟೀ ಶರ್ಟ್ ಅಂಗಡಿಗಳು, ಸ್ಪೈಡರ್‌ಮ್ಯಾನ್ ವೇಷ ತೊಟ್ಟು ಫೋಟೊಗೆ ಕಾಸು ಕೇಳುವವರು, ಪ್ರವಾಸಿ ಬಸ್ಸಿಗೆ ಗಿರಾಕಿ ಹಿಡಿಯುವವರು. ಜಾತ್ರೆ ಮುಗಿದ ಮರುದಿನದ ಬೀದಿಯ ಹಾಗೆ ಕಾಣುತ್ತದೆ. ಆದರೂ 1927ರಲ್ಲಿ ತೆರೆದ ಚೈನೀಸ್ ಥಿಯೇಟರಿನ ಅಂಗಳಕ್ಕೆ ಕಾಲಿಡದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಹಸಿ ಸಿಮೆಂಟಿಗೆ ಅಂಗೈ, ಅಂಗಾಲು ಒತ್ತಿ ನಟನಟಿಯರು ಸಹಿ ಹಾಕಿದ ಚೌಕಗಳು ಅಲ್ಲಿವೆ. ಮೂಕಿ ಚಿತ್ರಗಳ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತನ್ನ ದುಂಡು ಕನ್ನಡಕದ ಗುರುತನ್ನೂ ಬಿಟ್ಟಿದ್ದಾನೆ. ಕೌಬಾಯ್ ನಟ ಟಾಮ್ ಮಿಕ್ಸ್‌ನ ಕುದುರೆ ಟೋನಿಯ ಗೊರಸುಗಳೂ ಇವೆ. 1953ರಲ್ಲಿ ಮರ್ಲಿನ್ ಮನ್ರೋ ಮತ್ತು ಜೇನ್ ರಸೆಲ್ ಜೊತೆಯಾಗಿ ಒತ್ತಿದ ಅಂಗೈಗಳ ಮೇಲೆ ತಮ್ಮ ಕೈಯಿಟ್ಟು ಅಳತೆ ನೋಡುವವರ ಸಾಲು ಕರಗುವುದೇ ಇಲ್ಲ.

ನಾನು ಹುಡುಕಿಕೊಂಡು ಬಂದ ಹೆಸರು ಅಲ್ಲಿಂದ ಪೂರ್ವಕ್ಕೆ, ವೈನ್ ಸ್ಟ್ರೀಟ್ ದಾಟಿದ ಮೇಲೆ ಸಿಗುತ್ತದೆ. ಚಿತ್ರತಾರೆಯರ ಹೆಸರಿಗೆ ಕಾಲುದಾರಿಯಲ್ಲಿ ಕೂರಿಸಿದ ನಸುಗೆಂಪು ನಕ್ಷತ್ರಗಳಲ್ಲಿ ಒಂದು, ಹಿತ್ತಾಳೆಯ ಅಕ್ಷರ, ಕೆಳಗೆ ಪುಟ್ಟ ಸಿನಿಮಾ ಕ್ಯಾಮೆರಾ. ಹೆಸರು ಸಾಬು, ಅಷ್ಟೇ. ಜೊತೆಗೆ ಬಂದಿದ್ದ ಅಕ್ಕನ ಮಗ ಇದೇ ಊರಿನಲ್ಲಿ ಕೆಲಸಕ್ಕಿದ್ದಾನೆ.

"ಇವರು ಯಾರು ಮಾವ?"

"ನಮ್ಮ ಎಚ್.ಡಿ. ಕೋಟೆ ಕಡೆಯ ಹುಡುಗನಪ್ಪ."

ಅವನು ನಂಬಲಿಲ್ಲ. ಇಂದು ಜನ ಹುಲಿ, ಆನೆ ನೋಡಲು ರೆಸಾರ್ಟ್ ಹುಡುಕಿಕೊಂಡು ಹೋಗುವ ಕಬಿನಿ ದಡದ ಕಾರಾಪುರದಲ್ಲಿ 1924ರಲ್ಲಿ ಸಾಬು ಹುಟ್ಟಿದ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಚಿತ್ರೀಕರಣಕ್ಕೆಂದು ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು, 1937ರ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನೇ ಆದ. ಅವನು ನಟಿಸಿದ 'ದಿ ಥೀಫ್ ಆಫ್ ಬಾಗ್ದಾದ್' ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ದೆಸೆಯಿಂದ ಹಾಲಿವುಡ್‌ನಲ್ಲಿ ಮುಗಿಯಿತು. ಸಾಬು ಇಲ್ಲೇ ಉಳಿದ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಬಾಂಬರ್ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತು ಪದಕವನ್ನೂ ಗಳಿಸಿದ. ಅಷ್ಟಾದರೂ ಸ್ಟುಡಿಯೊಗಳಿಗೆ ಅವನ ತಲೆಯ ಮೇಲೆ ರುಮಾಲಿಲ್ಲದ ಪಾತ್ರ ಹೊಳೆದದ್ದು ಅಪರೂಪ. ಈ ವಿಷಯದಲ್ಲಿ ಹಳೆಯ ಹಾಲಿವುಡ್ ಮೇಲಿನ ನನ್ನ ಪ್ರೀತಿ ಅಷ್ಟು ಸಲೀಸಲ್ಲ.

ಮಧ್ಯಾಹ್ನ ಇದೇ ಊರಿನ ಸಿಲ್ವರ್ ಲೇಕ್ ಬಡಾವಣೆ. ವೆಂಡೋಮ್ ಸ್ಟ್ರೀಟ್ ಎಂಬ ಸಾಧಾರಣ ವಸತಿ ಬೀದಿ. ಎರಡು ಮನೆಗಳ ನಡುವಿನಿಂದ ಸಿಮೆಂಟ್ ಮೆಟ್ಟಿಲುಗಳು ನೆಟ್ಟಗೆ ಮೇಲೇರುತ್ತವೆ. ಒಟ್ಟು 133. ಟಿಕೆಟ್ಟಿಲ್ಲ, ಕಾವಲುಗಾರನಿಲ್ಲ, ಬುಡದಲ್ಲಿ ಒಂದು ಫಲಕ ಮಾತ್ರ. ಹಾಸ್ಯ ಜೋಡಿ ಲಾರೆಲ್ ಮತ್ತು ಹಾರ್ಡಿ ಪಿಯಾನೋ ಹೊತ್ತದ್ದು ಇಲ್ಲೇ. 1932ರಲ್ಲಿ ತೆರೆಗೆ ಬಂದ 'ದಿ ಮ್ಯೂಸಿಕ್ ಬಾಕ್ಸ್' ಎಂಬ ಆ ಕಿರುಚಿತ್ರಕ್ಕೆ ಆಸ್ಕರ್ ಬಂತು.

ಹತ್ತಲು ಶುರು ಮಾಡಿದರೆ ಆ ಚಿತ್ರದ ಗುಟ್ಟು ಮಂಡಿಗೆ ಗೊತ್ತಾಗುತ್ತದೆ. ಮೆಟ್ಟಿಲುಗಳು ಕಡಿದಾಗಿವೆ, ಅಗಲ ಕಡಿಮೆ. ಮೇಲಿನಿಂದ ಒಬ್ಬರು ಇಳಿದರೆ ಪಕ್ಕಕ್ಕೆ ಸರಿಯಬೇಕು. ಚಿತ್ರದಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಆಯಾ ಇಳಿದು ಬರುತ್ತಾಳೆ, ಆಮೇಲೆ ಪೊಲೀಸು, ಆಮೇಲೆ ರೇಷ್ಮೆ ಟೋಪಿಯ ಪ್ರೊಫೆಸರು. ಮತ್ತೆ ಮತ್ತೆ ಪಿಯಾನೋ ಪೆಟ್ಟಿಗೆ ಗಡಗಡನೆ ಕೆಳಕ್ಕೆ ಉರುಳುತ್ತದೆ. ಕೊನೆಗೆ ಮೇಲೆ ಮುಟ್ಟಿದಾಗ ಅಂಚೆಯವನು ಸುತ್ತಿಕೊಂಡು ಬರುವ ರಸ್ತೆ ತೋರಿಸುತ್ತಾನೆ. ಅಯ್ಯೋ, ಹೌದಲ್ಲ ಎಂದು ಇಬ್ಬರೂ ಪಿಯಾನೋವನ್ನು ಮತ್ತೆ ಕೆಳಗಿಳಿಸಿ, ಆ ರಸ್ತೆಯಲ್ಲಿ ತರುತ್ತಾರೆ! ಮಾತು ಕಡಿಮೆ, ಎಲ್ಲವೂ ಮೈಯಲ್ಲೇ. ಹಾರ್ಡಿ ಕ್ಯಾಮೆರಾ ಕಡೆ ತಿರುಗಿ ನೋಡುವ ಆ ಒಂದು ನೋಟಕ್ಕೆ ಪುಟಗಟ್ಟಲೆ ಸಂಭಾಷಣೆ ಸಾಟಿಯಲ್ಲ. ನಮ್ಮಲ್ಲಿ ಇಂಗ್ಲಿಷ್ ಬಾರದವರೂ ಈ ಜೋಡಿಯನ್ನು ತಮ್ಮವರೆಂದುಕೊಂಡದ್ದು ಸುಮ್ಮನೆ ಅಲ್ಲ. ಆಗ ಖಾಲಿಯಿದ್ದ ಎರಡು ಪಕ್ಕಗಳಲ್ಲೂ ಈಗ ಮನೆ, ಬೇಲಿ, ಗಿಡ. ಅರ್ಧದಲ್ಲಿ ಉಸ್ಸೆಂದು ಕೂತ ನನ್ನನ್ನು ದಾಟಿ ಹೆಂಗಸೊಬ್ಬರು ನಾಯಿ ಹಿಡಿದುಕೊಂಡು ಸರಸರನೆ ಹತ್ತಿಹೋದರು. ಅವರಿಗೆ ಅದು ದಿನನಿತ್ಯದ ದಾರಿ.

ಸಂಜೆ ಫಾರೆಸ್ಟ್ ಲಾನ್ ಸ್ಮಶಾನ, ಹಾಲಿವುಡ್ ಹಿಲ್ಸ್. ತಾರೆಯರ ಸಮಾಧಿ ಎಲ್ಲಿ ಎಂದು ಕೇಳಿದರೆ ಅಲ್ಲಿನ ಸಿಬ್ಬಂದಿ ಹೇಳುವುದಿಲ್ಲ, ಮೊದಲೇ ನೋಡಿಟ್ಟುಕೊಂಡು ಹೋಗಬೇಕು. ಬಾಗಿಲ ಬಳಿಯಲ್ಲೇ ನಟಿ ಬೆಟ್ಟಿ ಡೇವಿಸ್‌ಳ ಬಿಳಿ ಸಮಾಧಿ. ಕಷ್ಟದ ದಾರಿಯಲ್ಲೇ ಮಾಡಿದಳು ಎಂಬ ಅರ್ಥದ ಒಂದು ಸಾಲು ಅದರ ಮೇಲಿದೆ. ಪಿಯಾನೋ ಹೊತ್ತವರಿಗೂ ಒಪ್ಪುವ ಸಾಲು! ಮೇಲೆ ಹೋದರೆ ಗೋಡೆಯ ಮೇಲೆ ಸ್ಟಾನ್ ಲಾರೆಲ್‌ನ ಫಲಕ. 1957ರಲ್ಲಿ ಹಾರ್ಡಿ ತೀರಿಕೊಂಡ ಮೇಲೆ ಅವನು ಮತ್ತೆ ನಟಿಸಲೇ ಇಲ್ಲ. ಹಾರ್ಡಿ ಇರುವುದು ಇಲ್ಲಲ್ಲ, ನಾರ್ತ್ ಹಾಲಿವುಡ್‌ನ ಇನ್ನೊಂದು ಸ್ಮಶಾನದಲ್ಲಿ. ಮೂಕಿ ಚಿತ್ರಗಳ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್ ಮಾತ್ರ ಇದೇ ಗುಡ್ಡದಲ್ಲಿ, ಹುಲ್ಲಿಗೆ ಸಮನಾದ ಫಲಕದಡಿ. ಒಂದು ಜೇಬಿನಲ್ಲಿ ಜಪಮಾಲೆ, ಇನ್ನೊಂದರಲ್ಲಿ ಇಸ್ಪೀಟು ಕಟ್ಟು ಇಟ್ಟು ಅವನನ್ನು ಮಣ್ಣು ಮಾಡಿದರಂತೆ. ಸಾಬು ಕೂಡ ಇದೇ ಗುಡ್ಡದವನು. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಹೋದಾಗ ಅವನಿಗೆ 39 ವರ್ಷ. ಕೊನೆಯ ಚಿತ್ರ ತೆರೆಗೆ ಬಂದದ್ದು ಮರುವರ್ಷ.

ರಾತ್ರಿ ಊಟದ ಮೇಲೆ ಅಕ್ಕನ ಮಗನ ಮನೆಯಲ್ಲಿ ಬಾಗ್ದಾದಿನ ಕಳ್ಳನನ್ನು ಹಾಕಿದೆವು. ದೊಡ್ಡ ಜೇಡ ಬಂದಾಗ ಅವನು ನಕ್ಕ, ದಾರ ಕಾಣುತ್ತದೆ ಎಂದ. ಆದರೆ ಸಾಬು ಸಮುದ್ರ ದಂಡೆಯಲ್ಲಿ ಆ ಬೆಟ್ಟದಂಥ ಭೂತವನ್ನು ಮಾತಿನಲ್ಲೇ ಮರುಳು ಮಾಡಿ ಮತ್ತೆ ಶೀಶೆಗಿಳಿಸುವ ದೃಶ್ಯವನ್ನು ತಾನೇ ರಿಮೋಟ್ ತೆಗೆದುಕೊಂಡು ಇನ್ನೊಮ್ಮೆ ನೋಡಿದ.