ಕಣಗಿಲೆಯ ಕಪ್ಪು ಗುಳ್ಳೆಗೆ ಕೊನೆಗೂ ಒಂದು ಗತಿ ಕಾಣಿಸಿದೆ

ಗಾಳಿಗುಳ್ಳೆ ಹೋಯಿತು! ಕಣಗಿಲೆ ಎಲೆಯ ಅಡ್ಡಸೀಳಿನಲ್ಲಿ ಕೆಳಬದಿಯ ಗುಂಡಿಗಳು ಈಗ ಮೈಕ್ರೋಸ್ಕೋಪಿನ 40ಎಕ್ಸ್‌ನಲ್ಲಿ ಚೆನ್ನಾಗಿ ಕಾಣುತ್ತಿವೆ, ಒಳಗಿನ ಒಂದೊಂದು ಕೂದಲಿನ ಸಮೇತ. ಮಳೆಗಾಲ ಹಿಡಿದಾಗಿನಿಂದ ತಲೆ ತಿನ್ನುತ್ತಿದ್ದ ಕೆಲಸ ಇದು.

ಎಲೆ ಅಲುಗದ ಹಾಗೆ ಕ್ಯಾರೆಟ್ ಸೀಳಿ ನಡುವೆ ಸಿಕ್ಕಿಸುವುದು, ಬ್ಲೇಡು ಹಿಡಿಯುವುದು, ತೆಳ್ಳಗೆ ಬಂದದ್ದನ್ನು ಬ್ರಶ್ಶಿನಲ್ಲಿ ಎತ್ತುವುದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ಒಂದೇ ಮಾತು: ಕಣಗಿಲೆ ವಿಷ. ಅದರ ರಸ ತಾಗಿದ ಕೈ ತೊಳೆಯಿರಿ, ಕ್ಯಾರೆಟನ್ನು ಕಸಕ್ಕೆ ಹಾಕಿ. ನಮ್ಮಮ್ಮ ಅಂತೂ "ಆ ಕ್ಯಾರೆಟ್ ಪುನಃ ಫ್ರಿಜ್ಜಿಗೆ ಬಂದರೆ ನಿನ್ನ ಮೈಕ್ರೋಸ್ಕೋಪು ಬಾವಿಗೆ ಹೋಗ್ತದೆ ಮಾರಾಯ" ಎಂದಿದ್ದಾರೆ.

ಕಣಗಿಲೆಯೇ ಯಾಕೆ? ಬೇರೆ ಎಷ್ಟೋ ಎಲೆಗಳಲ್ಲಿ ಪತ್ರರಂಧ್ರಗಳು, ಅಂದರೆ ಗಾಳಿ, ನೀರಾವಿ ಓಡಾಡುವ ಸಣ್ಣ ತೂತುಗಳು, ಕೆಳಬದಿಯಲ್ಲಿ ಬಯಲಿಗೇ ಇರುತ್ತವೆ. ಕಣಗಿಲೆಯಲ್ಲಿ ಅವು ಗುಂಡಿಗಳ ಒಳಗೆ ಅಡಗಿ ಕೂತಿವೆ. ಆ ಗುಂಡಿಯ ತುಂಬ ಕೂದಲು. ಹೊರಗಿನ ಒಣಗಾಳಿ ನೇರವಾಗಿ ರಂಧ್ರಕ್ಕೆ ತಾಗದ ಹಾಗೆ ಒಳಗಿನ ತೇವದ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಏರ್ಪಾಡು. ಮೇಲೆ ಮೇಣದಂಥ ದಪ್ಪ ಕ್ಯುಟಿಕಲ್, ಅದರ ಅಡಿಯಲ್ಲಿ ಎಲೆಯ ಹೊರಚರ್ಮವಾದ ಎಪಿಡರ್ಮಿಸ್ ಕೂಡ ಒಂದೇ ಸಾಲಲ್ಲ, ಎರಡು ಮೂರು ಸಾಲು. ಹಸಿರು ತುಂಬಿದ ಉದ್ದುದ್ದ ಪ್ಯಾಲಿಸೇಡ್ ಕೋಶಗಳು ಮೇಲೂ ಇವೆ, ಕೆಳಗೂ ಇವೆ. ನೀರು ಉಳಿಸಲು ಇಷ್ಟೆಲ್ಲ ಕಟ್ಟಿಕೊಂಡ ಗಿಡ, ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ನಮ್ಮ ಕಂಪೌಂಡಿನ ಮೂಲೆಯಲ್ಲಿ ತೊಯ್ದು ನಿಂತಿದೆ. ಪಾಪ, ಇಲ್ಲಿ ಯಾರಿಗೆ ಬೇಕು ಅದರ ಉಳಿತಾಯ!

ಸಮಸ್ಯೆ ಆ ಗುಂಡಿಗಳದ್ದೇ. ಸೀಳನ್ನು ನೀರಿಗೆ ಹಾಕಿ, ತೆಳು ಗಾಜಿನ ಕವರ್‌ಸ್ಲಿಪ್ ಮುಚ್ಚಿ ನೋಡಿದರೆ ಉಳಿದದ್ದೆಲ್ಲ ಸರಿ, ಗುಂಡಿ ಇರಬೇಕಾದ ಜಾಗದಲ್ಲಿ ಮಾತ್ರ ಕಪ್ಪು ಮುದ್ದೆ. ಕೊಳೆಯಲ್ಲ, ಗಾಳಿ. ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ, ನೀರಿಗೆ 1.33, ಗಾಳಿಗೆ 1. ಎರಡೂ ಸೇರುವ ಅಂಚಿನಲ್ಲಿ ಬೆಳಕು ಪಕ್ಕಕ್ಕೆ ಚದುರಿ ಹೋಗುತ್ತದೆ, ಲೆನ್ಸಿಗೆ ಬರುವುದೇ ಇಲ್ಲ. ಹಾಗಾಗಿ ಕಪ್ಪು. ಕವರ್‌ಸ್ಲಿಪ್ ಒತ್ತಿದರೆ ಗುಳ್ಳೆ ಇನ್ನೂ ಒಳಗೆ ಹೊಕ್ಕಿ ಕೂರುತ್ತದೆ. ಗಾಳಿ ಬಿಟ್ಟುಕೊಡಬಾರದು ಎಂದೇ ಇರುವ ಕೂದಲಲ್ವಾ ಅವು, ನಾನು ಕೇಳಿದ ಕೂಡಲೇ ಬಿಟ್ಟಾವೇ?

ಗ್ಲಿಸರಿನ್ ಹಾಕಿದೆ. ಅದು ಮಂದ, ಗುಳ್ಳೆ ಅಲ್ಲೇ ಖಾಯಂ ಆಯಿತು. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. ಗಾಳಿಯೇನೋ ಹೊರಟಿತು, ಜೊತೆಗೆ ಪತ್ರಹರಿತ್ತೂ ಹೊರಟಿತು. ಗುಂಡಿ ಕಂಡರೂ ಪ್ಯಾಲಿಸೇಡ್ ಬಿಳಚಿಕೊಂಡಿತು. ನನಗೆ ಹಸಿರೂ ಬೇಕು, ಗುಂಡಿಯೂ ಬೇಕು. ಕುದಿಸಿ ನೋಡಿದರೆ ಕೋಶಗಳು ಮೆತ್ತಗಾಗಿ ಒಳಗಿನ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳೆಲ್ಲ ಗುಂಪುಗಟ್ಟಿ ಅಂಟಿಕೊಂಡವು.

ನಡುವೆ ಕವರ್‌ಸ್ಲಿಪ್ಪಿನ ಗೋಳು ಬೇರೆ. ಆನ್‌ಲೈನ್‌ನಲ್ಲಿ ತರಿಸಿದ ಪೆಟ್ಟಿಗೆಯಲ್ಲಿ ಅರ್ಧ ಚೂರು. ಉಳಿದರ್ಧ ಈ ಊರಿನ ತೇವಕ್ಕೆ ಒಂದಕ್ಕೊಂದು ಅಂಟಿ ಒಂದೇ ದಪ್ಪ ಗಾಜಾಗಿ ಕೂತಿದೆ. ಬಿಡಿಸಲು ಹೋದರೆ ಪುಡಿ. ಬದಲಿ ಕೇಳಿದ್ದಕ್ಕೆ "ಒಡೆದ ಗಾಜಿನ ಫೋಟೋ ಸ್ಪಷ್ಟವಾಗಿಲ್ಲ" ಎಂಬ ಉತ್ತರ ಬಂತು. ಗಾಜು ಸ್ವಾಮೀ, ಕಾಣದಿರುವುದೇ ಅದರ ಗುಣ! ಈಗ ಅಕ್ಕಿ ಡಬ್ಬಿಯಂಥ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ, ಅಂಟುತ್ತಿಲ್ಲ.

ದಾರಿ ಸಿಕ್ಕಿದ್ದು ಮೆಡಿಕಲ್ ಶಾಪಿನಲ್ಲಿ. 10 ಮಿಲಿಲೀಟರ್ ಸಿರಿಂಜು ಸಾಕು. ("ಸೂಜಿ ಬೇಡ್ವಾ? ಮತ್ತೆ ಎಂತಕ್ಕೆ?" "ಎಲೆಗೆ." ಆಮೇಲೆ ಅವರು ಮಾತಾಡಲಿಲ್ಲ.) ಗುಟ್ಟು ಇರುವುದು ಸೀಳುವ ಮೊದಲೇ ಗಾಳಿ ತೆಗೆಯುವುದರಲ್ಲಿ. ಎಲೆಯನ್ನು ಮೂರು ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ ಸಿರಿಂಜಿನೊಳಗೆ ಹಾಕಿ. ಕುದಿಸಿ ಆರಿಸಿದ ನೀರನ್ನೇ ತುಂಬಿ. ನಲ್ಲಿ ನೀರಿನಲ್ಲಿ ಕರಗಿರುವ ಗಾಳಿಯೇ ಹೊಸ ಗುಳ್ಳೆಯಾಗಿ ಕಾಟ ಕೊಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಸೇರಿಸಿದರೆ ನೀರು ಕೂದಲಿನ ನಡುವೆ ನುಸುಳುತ್ತದೆ. ಸಿರಿಂಜಿನ ಗಾಳಿಯನ್ನೆಲ್ಲ ಮೇಲಕ್ಕೆ ತಂದು ಹೊರದೂಡಿ, ತುದಿಗೆ ಬೆರಳು ಒತ್ತಿ ಹಿಡಿದು, ಪ್ಲಂಜರನ್ನು ಹಿಂದಕ್ಕೆ ಎಳೆಯಿರಿ.

ಒತ್ತಡ ಇಳಿದ ಕೂಡಲೇ ಒಳಗಿನ ಗಾಳಿ ಹಿಗ್ಗುತ್ತದೆ. ಪಟ್ಟಿಯ ಅಂಚಿನಿಂದ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ. ಸಿರಿಂಜನ್ನು ಮೆಲ್ಲಗೆ ತಟ್ಟಿ ಅವನ್ನು ಮೇಲಕ್ಕೆ ಕಳಿಸಿ, ಪ್ಲಂಜರ್ ಬಿಡಿ. ಗಾಳಿ ಖಾಲಿ ಮಾಡಿದ ಜಾಗಕ್ಕೆ ನೀರು ನುಗ್ಗುತ್ತದೆ. ಇದನ್ನೇ ಪುನಃ ಪುನಃ ಮಾಡಿ. ತೇಲುತ್ತಿದ್ದ ಪಟ್ಟಿ ಒಂದು ಹಂತದಲ್ಲಿ ತಳಕ್ಕೆ ಇಳಿಯುತ್ತದೆ. ತಿಳಿಹಸಿರು ಹೋಗಿ, ಎಣ್ಣೆ ತಾಗಿದ ಕಾಗದದ ಹಾಗೆ ಕಡುಹಸಿರಾಗಿ ಪಾರದರ್ಶಕವಾಗುತ್ತದೆ. ಅದು ಆದರೆ ಕೆಲಸ ಆಯಿತು. ಆಗ ಕ್ಯಾರೆಟ್ಟಿಗೆ ಸಿಕ್ಕಿಸಿ ಸೀಳಿ. ಅಂಚು ಇನ್ನೂ ಮಸುಕಾಗಿದ್ದರೆ ಆ ಪಟ್ಟಿಯನ್ನು ಕೈಬಿಡಿ, ಸುಮ್ನೆ ಬ್ಲೇಡು ಹಾಳು.

ಈಗ ಗುಂಡಿಯ ಬಾಯಿ ಕಿರಿದು, ಒಳಗೆ ಅಗಲ ಎಂಬುದು ಕಾಣುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ರಂಧ್ರವನ್ನು ತೆರೆದು ಮುಚ್ಚುವ ಎರಡು ಪುಟ್ಟ ಕಾವಲು ಕೋಶಗಳು, ನಡುವೆ ಕೂದಲೆಳೆಯಷ್ಟು ಸಂದು. ಅದರ ಹಿಂದೆ ಸಡಿಲ ಕೋಶಗಳ ಜಾಗ. ಫೋಕಸ್ ಸ್ವಲ್ಪ ತಿರುಗಿಸಿದರೆ ಒಂದು ಕೂದಲು ಮಾಯವಾಗಿ ಅದರ ಹಿಂದಿನದು ಎದ್ದು ಬರುತ್ತದೆ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಇದು ಬರುವುದೇ ಇಲ್ಲ, ಎಲ್ಲ ಒಂದೇ ರಾಶಿ.

ಮುಂದಿನದು ಯೋಚಿಸಿಯಾಗಿದೆ: ಕುಂಡದ ರಬ್ಬರ್ ಗಿಡ, ಅಂದರೆ ಫೈಕಸ್ ಇಲಾಸ್ಟಿಕಾ. ಅದರ ಮೇಲಿನ ಎಪಿಡರ್ಮಿಸ್ಸಿನಲ್ಲಿ ದೊಡ್ಡ ಕೋಶಗಳಿವೆ, ಪ್ರತಿಯೊಂದರೊಳಗೂ ತೊಟ್ಟಿನಿಂದ ಜೋತಾಡುವ ಸುಣ್ಣದ ಗೊಂಚಲು, ಸಿಸ್ಟೋಲಿತ್. ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಸ್ಲೈಡಿನ ಅಂಚಿಗೆ ವಿನೆಗರ್ ಬಿಟ್ಟರೆ ನೊರೆ ಬಂದು ಕರಗುತ್ತದೆ. ಗುಳ್ಳೆ ಓಡಿಸಲು ಒದ್ದಾಡಿದವನು ಈಗ ಗುಳ್ಳೆ ಬರಲಿ ಎಂದು ಕಾಯಬೇಕು! ಅದಾದ ಮೇಲೆ ಉಡುಪಿ ಕಡೆಯ ಮಟ್ಟುಗುಳ್ಳದ ಎಲೆ. ಬದನೆ ಜಾತಿಯ ನಕ್ಷತ್ರದಾಕಾರದ ಕೂದಲು ನೋಡಲು ಸೀಳುವುದೂ ಬೇಡ, ಚಿಕ್ಕ ಲೆನ್ಸ್ ಸಾಕು.

ಕಣಗಿಲೆಯಲ್ಲಿ ಬಾಕಿ ಇರುವುದು ಬಣ್ಣ. ಟೊಲುಯಿಡಿನ್ ಬ್ಲೂ ಎಂಬ ಬಣ್ಣ ಹಾಕಿದರೆ ನೀರು ಸಾಗಿಸುವ ಕ್ಸೈಲಂ ಹಸಿರುನೀಲಿ, ತೆಳು ಗೋಡೆಗಳು ನೇರಳೆ ಆಗಬೇಕು. ಬೇಕಾದದ್ದು ಶೇಕಡಾ 0.05ರ ದ್ರಾವಣ, 100 ಮಿಲಿಲೀಟರಿಗೆ 50 ಮಿಲಿಗ್ರಾಂ ಪುಡಿ. ನಾನು ಕೇಳಿದ ಅಂಗಡಿಯವರು 25 ಗ್ರಾಂ ಡಬ್ಬಿಗಿಂತ ಕಡಿಮೆ ಇಲ್ಲ ಎನ್ನುತ್ತಾರೆ. ಅದರಲ್ಲಿ 50 ಲೀಟರ್ ಆಗುತ್ತದೆ ಮಾರಾಯರೇ, ನೀರಿನ ಡ್ರಮ್ಮಿಗೆ ಕಲಸಬೇಕಷ್ಟೆ. ಮಂಗಳೂರು, ಉಡುಪಿ ಕಡೆ ಯಾರಾದರೂ ಪಾಲು ಹಾಕುವವರಿದ್ದರೆ ಹೇಳಿ, ಪುಟ್ಟ ಶೀಶೆಗಳಲ್ಲಿ ಹಂಚಿಕೊಳ್ಳೋಣ.